ಹಳದಿ ನೋಟ್ಸ್: ನಲವತ್ತೊಂದನೆಯ ಪುಟ

"ಓದೋದೇನೂ ಬೇಡ ಸಾರ್ಜೆಂಟ್, ನನಗೆ ಬಾಯಿಪಾಠ ಇದೆ," ಅಂದಳು ಮಿಲಿಕಾ. "ಹೇಳ್ಲಾ?"

ಅವಳ ಮುಖದ ಎಡಭಾಗವೆಲ್ಲ ಬ್ಯಾಂಡೇಜಿನಲ್ಲಿ ಮುಚ್ಚಿಹೋಗಿತ್ತು. ಉಳಿದ ಒಂದೇ ಕಣ್ಣಿನಿಂದ ನನ್ನ ಯೂನಿಫಾರ್ಮಿನ ಗುಂಡಿಗಳನ್ನು ನೋಡುತ್ತಿದ್ದಳು. ಮುಖ ನೋಡುವ ಧೈರ್ಯ ನನಗೂ ಇರಲಿಲ್ಲ.

"ಹೇಳಮ್ಮ."

"ನಲವತ್ತೊಂದನೇ ಪುಟ. ಸಲ್ಫ್ಯೂರಿಕ್ ಆಸಿಡ್ ತೆಳು ಮಾಡುವ ಕ್ರಮ. ಮೊದಲು ಗಟ್ಟಿ ಆಸಿಡನ್ನು ಬೀಕರಿಗೆ ತೆಗೆದುಕೋ. ಅದಕ್ಕೆ ನೀರು ಸುರಿ." ಅವಳು ಬ್ಯಾಂಡೇಜಿನ ಅಂಚು ಮುಟ್ಟಿದಳು. "ನಾನು ಸುರಿದೆ."

ಅದು ಸೋಮವಾರ ಸ್ಕೂಲಿನ ಲ್ಯಾಬಿನಲ್ಲಿ ನಡೆದದ್ದು. ಆಸಿಡ್ ಕುದಿದು ಮುಖಕ್ಕೆ ಸಿಡಿದಿತ್ತು. ಇವತ್ತು ಗುರುವಾರ. ಎಡಗಣ್ಣು ಇನ್ನು ಬರುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು, ಅವಳಿಗಿನ್ನೂ ಹೇಳಿರಲಿಲ್ಲ.

"ನಿನಗೆ ಅನುಮಾನ ಬರ್ಲಿಲ್ವಾ?"

"ಬಂತು. ಒಂಬತ್ತನೇ ಕ್ಲಾಸಲ್ಲಿ ಉಲ್ಟಾ ಹೇಳ್ಕೊಟ್ಟ ನೆನಪಿತ್ತು. ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್‌ಗೆ ನೀರಲ್ಲ ಅಂತ. ಆದ್ರೆ ಇದು ಎಸೇತಾ ಮೇಡಂ ನೋಟ್ಸ್ ಅಲ್ವಾ? ಮೇಡಂ ತಪ್ಪು ಬರೀತಾರಾ? ನನ್ನ ನೆನಪೇ ತಪ್ಪಿರ್ಬೇಕು ಅಂದ್ಕೊಂಡೆ."

"ಈ ಕಾಪಿ ಎಲ್ಲಿ ಸಿಕ್ತು?"

"ಸ್ಕೂಲ್ ಲೈಬ್ರರಿ. ಎಲ್ಲರೂ ಅಲ್ಲಿಂದ್ಲೇ ತಗೊಂಡು ಜೆರಾಕ್ಸ್ ಮಾಡಿಸ್ಕೊಳ್ಳೋದು. ನಂದು ಜೆರಾಕ್ಸ್ ಅಲ್ಲ, ಲೈಬ್ರರಿ ಸೆಟ್ಟೇ. ವಾಪಸ್ ಕೊಡ್ಬೇಕಿತ್ತು."

ಪಕ್ಕದಲ್ಲಿ ಅವಳ ಬೂಬೂ, ಅಂದರೆ ಅಜ್ಜಿ, ಬೇಯಿಸಿದ ಮರಗೆಣಸನ್ನು ತೆಂಗಿನ ಹಾಲಿನಲ್ಲಿ ಕಿವುಚುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ನೀನು ಪೊಲೀಸಾ?"

"ಹೌದು ಬೂಬೂ."

"ಮತ್ತೆ ಇಲ್ಲಿ ಕೂತು ಪಾಠ ಒಪ್ಪಿಸ್ಕೊಳ್ತಿದೀಯಲ್ಲ? ಮೇಡಂ ತಪ್ಪು ಬರೆಯೋರಲ್ಲ. ಆ ಹಾಳೆ ಬದಲಾಯಿಸಿದ ಕೈ ಇಲ್ಲಿದೆಯಾ? ಎದ್ದು ಹೋಗಿ ಹುಡುಕು."

ಎದ್ದೆ. ಬಾಗಿಲಲ್ಲಿ ಮಿಲಿಕಾ ಕೂಗಿದಳು. "ಸಾರ್ಜೆಂಟ್, ಮೇಡಂಗೆ ಬೇಜಾರ್ ಮಾಡ್ಬೇಡಿ. ಅವರದ್ದೇನೂ ತಪ್ಪಿಲ್ಲ."

*

ನಮ್ಮ ಲಂಬಾಸ ಪಟ್ಟಣದಲ್ಲಿ ಎಸೇತಾ ಮೇಡಂ ಹತ್ತಿರ ಕೆಮಿಸ್ಟ್ರಿ ಕಲಿಯದವರು ಕಡಿಮೆ. ನಾನೂ ಕಲಿತೆ. ಎರಡು ಸಲ ಫೇಲಾದೆ, ಪೊಲೀಸಾದೆ, ಸಾರ್ಜೆಂಟ್ ದೊರೈ ಅನ್ನಿಸಿಕೊಂಡೆ. ರಿಟೈರಾಗುವ ವರ್ಷ ಅವರು ಸ್ಕೂಲಿನ ಕೊನೆಯ ವರ್ಷವಾದ ಹದಿಮೂರನೇ ಕ್ಲಾಸಿನ ಇಡೀ ಪಾಠವನ್ನು ಅರವತ್ತನಾಲ್ಕು ಪುಟಗಳಲ್ಲಿ ಕೈಯಾರೆ ಬರೆದು, ಹಳದಿ ರಟ್ಟು ಹಾಕಿ, ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಿ ಎಂದು ಕೊಟ್ಟುಬಿಟ್ಟಿದ್ದರು. ಕಬ್ಬಿನ ಗದ್ದೆಯ ಕೂಲಿಯವರ ಮಕ್ಕಳು, ದೋಣಿಯಲ್ಲಿ ಬರುವ ಹಳ್ಳಿಯ ಮಕ್ಕಳು, ಟ್ಯೂಷನ್ನಿಗೆ ಗತಿಯಿಲ್ಲದವರೆಲ್ಲ ಆ ಹಳದಿ ನೋಟ್ಸ್ ಓದಿಯೇ ನರ್ಸಾದರು, ಮಿಲ್ಲಿನ ಲ್ಯಾಬಿಗೆ ಸೇರಿದರು, ಮೇಷ್ಟರಾದರು.

ಬುಲಿಲೇಕಾದ ಅವರ ಮನೆಯ ಜಗಲಿಯಲ್ಲಿ ಸಕ್ಕರೆ ಮಿಲ್ಲಿನ ಮಸಿ ಉದುರಿತ್ತು. ಕಬ್ಬು ನುರಿಯುವ ಕಾಲವಲ್ಲವೇ. ಮೇಡಂ ಅದನ್ನು ಗುಡಿಸಿಯೂ ಇರಲಿಲ್ಲ. ಸದಾ ಇಸ್ತ್ರಿ ಮಾಡಿದ ಉಡುಪಿನಲ್ಲಿರುತ್ತಿದ್ದ ಹೆಂಗಸು, ಕೂದಲು ಕೂಡ ಬಾಚದೆ ಕೂತಿದ್ದರು.

ಮಿಲಿಕಾಳ ಕಾಪಿಯನ್ನು ಮೇಜಿನ ಮೇಲಿಟ್ಟೆ. ಅದರ ಮೂಲೆಗಳನ್ನು ಆಸಿಡ್ ಕಂದು ಬಣ್ಣಕ್ಕೆ ಸುಟ್ಟಿತ್ತು. ಮೇಡಂ ಒಳಗಿನಿಂದ ಬಿಸ್ಕತ್ತಿನ ತಗಡಿನ ಡಬ್ಬ ತಂದು, ಅದರಲ್ಲಿದ್ದ ತಮ್ಮ ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ತಾಳೆ ನೋಡಿದರು.

"ಒಂಬತ್ತನೇ ಪುಟ," ಅಂದರು. "ತೂಕವನ್ನ ಮೋಲಾರ್ ತೂಕದಿಂದ ಭಾಗಿಸ್ಬೇಕು. ಇಲ್ಲಿ ತಿರುಗಾಮುರುಗಾ ಮಾಡಿದಾನೆ. ಇದೊಂದು ತಪ್ಪಾದ್ರೆ ಮುಂದಿನ ಲೆಕ್ಕ ಎಲ್ಲ ತಪ್ಪು."

ಹದಿನೆಂಟನೇ ಪುಟದಲ್ಲಿ ಶಾಖ ಹೀರುವ ಕ್ರಿಯೆ ಶಾಖ ಬಿಡುತ್ತಿತ್ತು. ಇಪ್ಪತ್ತಾರರಲ್ಲಿ ಆನೋಡು ಕ್ಯಾಥೋಡಿನ ಕೆಲಸ ಮಾಡುತ್ತಿತ್ತು. ಒಂದೆರಡು ಪದ, ಒಂದು ಬಾಣ, ಒಂದು ಚಿಹ್ನೆ, ಅಷ್ಟೇ. ಯಾರೋ ಮೇಡಂ ಅವರದೇ ಅಕ್ಷರಗಳನ್ನು ಬೇರೆ ಪುಟಗಳಿಂದ ಕತ್ತರಿಸಿ, ಅಂಟಿಸಿ, ಮತ್ತೆ ಪ್ರತಿ ತೆಗೆದಿದ್ದರು. ಬೆಳಕಿಗೆ ಹಿಡಿದರೆ ಅಂಟಿಸಿದ ಚೂರಿನ ಸುತ್ತ ತೆಳ್ಳನೆಯ ನೆರಳು ಕಾಣುತ್ತಿತ್ತು.

ಕುಡಿದು ಬಡಿದಾಡುವವರನ್ನು ನೋಡಿದ್ದೇನೆ, ದನ ಕದಿಯುವವರನ್ನು ನೋಡಿದ್ದೇನೆ. ಕತ್ತರಿ, ಗೋಂದು ಹಿಡಿದು, ತಾಳ್ಮೆಯಿಂದ ಕೂತು, ಗುರುತೇ ಇಲ್ಲದ ಮಕ್ಕಳು ಫೇಲಾಗಲಿ ಎಂದು ಬಯಸುವವನನ್ನು ಈವರೆಗೆ ನೋಡಿರಲಿಲ್ಲ.

"ಒಟ್ಟು ಎಷ್ಟು ಮೇಡಂ?"

ಅವರ ಕೈ ನಲವತ್ತೊಂದನೇ ಪುಟದ ಮೇಲೆ ನಿಂತಿತ್ತು.

"ಏಳು," ಅಂದರು. "ಇದೂ ಸೇರಿ ಏಳು. ಏಳೂ ಒಬ್ಬನದೇ ಅಂತ ಬರ್ಕೋ ದೊರೈ."

ಬರೆದುಕೊಂಡೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು. ಪುಟಗಳ ಬಲ ಅಂಚಿನಲ್ಲಿ ಕೂದಲೆಳೆಯಂಥ ಕಪ್ಪು ಗೀರು. ಮೇಲಿನಿಂದ ಇಳಿದು, ತುದಿಯಲ್ಲಿ ಗಾಳದ ಕೊಕ್ಕೆಯ ಹಾಗೆ ಬಾಗಿತ್ತು. ಹತ್ತು ಪುಟ ಮಗುಚಿದೆ, ಹತ್ತರಲ್ಲೂ ಅದೇ ಜಾಗ, ಅದೇ ಕೊಕ್ಕೆ. ಪ್ರತಿ ತೆಗೆದ ಮೆಷಿನ್ನಿನ ಗಾಜಿಗೆ ಗೀರು ಬಿದ್ದಿದೆ.

ಊರಲ್ಲಿ ಜೆರಾಕ್ಸ್ ಅಂಗಡಿ ಇರುವುದು ನಾಲ್ಕು. ನಾಲ್ಕೂ ನೋಡಿದೆ, ಯಾವುದರಲ್ಲೂ ಆ ಗೀರಿಲ್ಲ. ಐದನೆಯ ಮೆಷಿನ್ನು ಒಂದು ಟ್ಯೂಷನ್ ಸೆಂಟರಿನಲ್ಲಿತ್ತು. ವಾರಂಟ್ ಬರೆಸಿಕೊಂಡು ಅಲ್ಲಿಗೆ ಹೊರಟೆ.

*

ಅವಿಕೇಶ್ ಬಿದೇಸಿಯ ಸೆಂಟರು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲ ಬುಡದಲ್ಲಿ ಹೊಸ ಬ್ಯಾನರು ಕಟ್ಟಿದ್ದ. ಓದಿ ಅಲ್ಲೇ ನಿಂತೆ.

‘ತಪ್ಪು ನೋಟ್ಸ್ ಓದಿ ಕಣ್ಣು ಕಳೆದುಕೊಳ್ಳಬೇಡಿ. ಸುರಕ್ಷಿತ ಕೆಮಿಸ್ಟ್ರಿ ನಮ್ಮಲ್ಲಿ ಮಾತ್ರ.’

ಮಗುವಿನ ಕಣ್ಣು ಹೋಗಿ ಮೂರು ದಿನ. ಬ್ಯಾನರಿನ ಬಣ್ಣ ಚೆನ್ನಾಗಿ ಒಣಗಿತ್ತು.

ಮೇಲೆ ಹತ್ತಿ, ಕೌಂಟರಿನಲ್ಲಿದ್ದ ಅಡ್ಮಿಷನ್ ಫಾರಂ ಒಂದನ್ನು ತೆಗೆದು ನೋಡಿದೆ. ಬಲ ಅಂಚಿನಲ್ಲಿ ಗೀರು. ತುದಿಯಲ್ಲಿ ಕೊಕ್ಕೆ.

ಬಿದೇಸಿ ತಣ್ಣನೆಯ ಕೋಣೆಯಲ್ಲಿ ಹುರಿದ ಬಟಾಣಿ ತಿನ್ನುತ್ತಿದ್ದ. ಬೆರಳು ನೆಕ್ಕಿ, ಅದೇ ಬೆರಳಿನಿಂದ ತನ್ನ ಹೊಳೆಯುವ ರಿವಿಷನ್ ಕಾರ್ಡುಗಳನ್ನು ಎಣಿಸುತ್ತಿದ್ದ.

"ಬನ್ನಿ ಸಾರ್ಜೆಂಟ್ ಭಯ್ಯಾ! ಜ್ಯೂಸ್ ತರಿಸ್ಲಾ? ಆ ಹುಡುಗಿ ಹೇಗಿದಾಳೆ? ಪಾಪ. ನಾನು ಹಣ್ಣಿನ ಬುಟ್ಟಿ ಕಳ್ಸಿದೀನಿ. ಅವಳಿಗೆ ಟ್ಯೂಷನ್ ಪೂರ್ತಿ ಫ್ರೀ ಅಂತ ಪೇಪರಿಗೂ ಹೇಳಿದೀನಿ."

"ನಿಮ್ಮ ಜೆರಾಕ್ಸ್ ಮೆಷಿನ್ ಎಲ್ಲಿ, ಮಾಸ್ಟರ್?"

ಬಟಾಣಿ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. "ಯಾಕೆ?"

ಮೂಲೆಯಲ್ಲಿ ಬಟ್ಟೆ ಹೊದಿಸಿದ್ದರು. ನಾನೇ ಹೋಗಿ ಬಟ್ಟೆ ಎಳೆದು ಮುಚ್ಚಳ ಎತ್ತಿದೆ. ಗಾಜಿನ ಮೇಲೆ ಉದ್ದ ಗೀರು. ಅದರ ಮೇಲೆ ಬೆರಳಾಡಿಸಿದೆ, ತುದಿಯ ಕೊಕ್ಕೆ ಉಗುರಿಗೆ ಸಿಕ್ಕಿತು.

"ಎಲ್ಲ ಮೆಷಿನ್ ಮೇಲೂ ಗೀರು ಇರುತ್ತೆ," ಅಂದ.

"ಈ ಥರದ್ದು ಈ ಊರಲ್ಲಿ ಒಂದೇ ಇದೆ. ನಿಮ್ಮ ಫಾರಂ ಮೇಲಿದೆ. ಹಳದಿ ನೋಟ್ಸಿನ ತಿದ್ದಿದ ಸೆಟ್ ಮೇಲೂ ಇದೆ. ನಿಮ್ಮ ಮೇಜಿನ ಡ್ರಾಯರ್ ತೆಗೀರಿ."

"ವಾರಂಟ್ ಇದೆಯಾ?"

ತೋರಿಸಿದೆ. ಡ್ರಾಯರಿನಲ್ಲಿ ಕತ್ತರಿ, ಗೋಂದು ಸಿಕ್ಕಿದ್ದು ದೊಡ್ಡದಲ್ಲ. ಒಂದು ಲಕೋಟೆಯ ತುಂಬ ಎಸೇತಾ ಮೇಡಂ ಅಕ್ಷರಗಳು ಸಿಕ್ಕವು. ಒಂದೊಂದೇ ಪದವಾಗಿ ಕತ್ತರಿಸಿ, ಧಾನ್ಯ ಆರಿಸಿಟ್ಟ ಹಾಗೆ ಬೇರೆ ಬೇರೆ ಮಾಡಿಟ್ಟಿದ್ದ.

ಈಗಲಾದರೂ ನಾಚಿಕೆಪಡುತ್ತಾನೆ ಅಂದುಕೊಂಡೆ. ಅವನು ನಕ್ಕ.

"ಭಯ್ಯಾ, ಇದನ್ನ ದೊಡ್ಡದು ಮಾಡ್ಬೇಡಿ. ಲೈಬ್ರರಿಲಿದ್ದ ಮೂರು ಸೆಟ್ ಬದಲಾಯಿಸಿದೆ, ಹೌದು. ಮಕ್ಕಳು ಟ್ರಯಲ್ ಪರೀಕ್ಷೆಲಿ ಫೇಲಾಗ್ತಾರೆ. ಹೆದರ್ಕೊಂಡು ನನ್ನ ಹತ್ರ ಬರ್ತಾರೆ. ನಾನು ಸರಿಯಾಗಿ ಕಲಿಸ್ತೀನಿ, ಫೈನಲ್‌ನಲ್ಲಿ ಪಾಸಾಗ್ತಾರೆ. ಕೊನೆಗೆ ಯಾರಿಗೇನು ನಷ್ಟ ಹೇಳಿ?"

"ನಿಮ್ಮ ಹತ್ರ ಬರೋಕಾಗದ ಮಕ್ಕಳು?"

"ಅವರು ಹೇಗಿದ್ರೂ ಎಲ್ಲಿ ಉದ್ಧಾರ ಆಗ್ತಿದ್ರು?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಕಸ್ಟಡಿಯಲ್ಲಿರುವವನ ಮೇಲೆ ಕೈಯೆತ್ತಿದವನಲ್ಲ. ಆವತ್ತು ಕೈಗಳನ್ನು ಜೇಬಿನಲ್ಲಿಟ್ಟುಕೊಳ್ಳಬೇಕಾಯಿತು. ಅವನ ತುಟಿಯ ಮೇಲಿನ ಬಟಾಣಿ ಹಿಟ್ಟು, ಆ ಕೋಣೆಯ ರೂಮ್ ಫ್ರೆಶ್‌ನರ್ ವಾಸನೆ, ಗೋಡೆಯ ತುಂಬ ಪಾಸಾದ ಮಕ್ಕಳ ನಗುವ ಫೋಟೋ. ಆ ಫೋಟೋಗಳಲ್ಲಿ ಎಷ್ಟು ಮಕ್ಕಳನ್ನು ಇವನೇ ಮೊದಲು ಬಾವಿಗೆ ತಳ್ಳಿ, ಆಮೇಲೆ ಹಗ್ಗ ಮಾರಿದ್ದನೋ!

"ಮಿಲಿಕಾ ಬಾಳು ಹಾಳು ಮಾಡಿದ್ದಕ್ಕೂ ಇದೇ ಲೆಕ್ಕವಾ?" ಅಂದೆ. "ಆಸಿಡ್‌ಗೆ ನೀರು ಸುರಿ ಅಂತ ಅಂಟಿಸೋವಾಗ ನಿಮ್ಮ ಕೈ ನಡುಗ್ಲಿಲ್ವಾ?"

ಅವನ ನಗು ಮೊದಲ ಸಲ ಮಾಯವಾಯಿತು.

"ಅದು ನಂದಲ್ಲ."

"ಏಳು ತಪ್ಪು, ಮಾಸ್ಟರ್. ಏಳೂ ನಿಮ್ಮದೇ."

"ಆರು!" ಅವನು ಎದ್ದು ನಿಂತ. "ನಾನು ಮಾಡಿದ್ದು ಆರು. ಲೆಕ್ಕ, ಚಿಹ್ನೆ, ಥಿಯರಿ. ಪ್ರಾಕ್ಟಿಕಲ್ ಪುಟಗಳನ್ನ ನಾನು ಮುಟ್ಟೇ ಇಲ್ಲ. ನಾನೇನು ಹುಚ್ಚನಾ? ಮಗು ಸತ್ರೆ ಪೊಲೀಸ್ ಬರ್ತಾರೆ, ಫೇಲಾದ್ರೆ ಯಾರ್ ಬರ್ತಾರೆ?"

ಇಷ್ಟು ಹೊಲಸು ಮಾತಿನಲ್ಲೂ ನಿಜ ಇರಬಹುದು ಎಂದು ಅನ್ನಿಸಿದ್ದೇ ನನಗೆ ಇನ್ನಷ್ಟು ಅಸಹ್ಯ ತಂದಿತು.

"ಆ ಪುಟ ತೋರ್ಸಿ," ಅಂದ.

ಪ್ಲಾಸ್ಟಿಕ್ ಕವರಿನಲ್ಲಿದ್ದ ನಲವತ್ತೊಂದನೇ ಪುಟವನ್ನು ದೂರದಿಂದಲೇ ಹಿಡಿದೆ. ಅವನು ಬಗ್ಗಿ ನೋಡಿದ. ಒದ್ದೆ ಬೆರಳಿನಿಂದ ಬಲ ಅಂಚನ್ನು ತೋರಿಸಿದ.

"ನೋಡಿ ಭಯ್ಯಾ. ನೀವೇ ಹೇಳಿದ್ರಲ್ಲ, ಗೀರು, ಕೊಕ್ಕೆ ಅಂತ. ಇದರಲ್ಲಿ ಎಲ್ಲಿದೆ?"

ಇರಲಿಲ್ಲ.

*

ಬಿದೇಸಿಯನ್ನು ಲಾಕಪ್ಪಿಗೆ ಹಾಕಿಸಿ ಸ್ಟೇಷನ್ನಿನ ಹಿಂದಿನ ಕೋಣೆಗೆ ಹೋದೆ. ಮಕ್ಕಳಿಂದ ತಂದಿದ್ದ ಮೂವತ್ತೊಂದು ಜೆರಾಕ್ಸ್ ಕಾಪಿಗಳು ಮೇಜಿನ ಮೇಲಿದ್ದವು. ಎಲ್ಲ ತೆರೆದೆ. ಆರು ತಪ್ಪು ಎಲ್ಲದರಲ್ಲೂ ಇದ್ದವು. ನಲವತ್ತೊಂದನೇ ಪುಟ ಮಾತ್ರ ಎಲ್ಲದರಲ್ಲೂ ಸರಿಯಾಗಿತ್ತು: ‘ನೀರು ಮೊದಲು. ನೀರಿಗೆ ಆಸಿಡ್, ಹನಿ ಹನಿಯಾಗಿ. ಎಂದೂ ಉಲ್ಟಾ ಮಾಡಬೇಡ.’

ಮಿಲಿಕಾಳ ಪುಟವನ್ನು ಕೈಗವಸು ಹಾಕಿಕೊಂಡು ಕವರಿನಿಂದ ಹೊರತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದೆ. ಅಂಟಿಸಿದ ನೆರಳಿಲ್ಲ. ಮಗುಚಿ ಹಿಂಬದಿಯ ಮೇಲೆ ಬೆರಳಾಡಿಸಿದೆ. ಸಾಲು ಸಾಲಾಗಿ ಉಬ್ಬು ಸಿಕ್ಕಿತು. ಪೆನ್ನು ಒತ್ತಿ ಬರೆದಾಗ ಹಿಂದೆ ಮೂಡುವ ಉಬ್ಬು.

ಇದು ಜೆರಾಕ್ಸ್ ಅಲ್ಲವೇ ಅಲ್ಲ. ಯಾರೋ ಕೂತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಶಾಯಿಯಲ್ಲಿ ಬರೆದದ್ದು. ಆ ಅಕ್ಷರ ಯಾರದು ಎಂದು ನಾನು ಯಾವ ಪರಿಣತರನ್ನೂ ಕೇಳಬೇಕಾಗಿರಲಿಲ್ಲ. ನನ್ನ ಎರಡೂ ಫೇಲಾದ ಉತ್ತರಪತ್ರಿಕೆಗಳ ಮೇಲೆ ಅದೇ ಅಕ್ಷರ ಇತ್ತು.

ಕಾರು ಬುಲಿಲೇಕಾ ಕಡೆ ತಿರುಗಿಸುವಾಗ ಮನಸ್ಸಿನಲ್ಲಿ ಒಂದೇ ಹಾರೈಕೆ. ಸುಳ್ಳಾಗಲಿ, ಯಾರೋ ಅವರ ಅಕ್ಷರ ನಕಲು ಮಾಡಿದ್ದಾಗಲಿ.

ಮೇಡಂ ಅದೇ ಕುರ್ಚಿಯಲ್ಲಿದ್ದರು. ಪುಟವನ್ನು ಅವರ ಮುಂದಿಟ್ಟೆ. ಅವರು ಓದಲಿಲ್ಲ.

"ಅವನು ಒಪ್ಕೊಂಡ್ನಾ?" ಅಂದರು.

"ಆರನ್ನ ಒಪ್ಕೊಂಡ. ಏಳನೆಯದು ಯಾರದು ಮೇಡಂ?"

ಕಬ್ಬಿನ ಲಾರಿಯೊಂದು ರಸ್ತೆಯಲ್ಲಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅವರು ಕಾದರು.

"ಬರೆದದ್ದು ನಾನೇ ದೊರೈ."

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಆ ಬಿದೇಸಿ ಎಷ್ಟೋ ವರ್ಷದಿಂದ ನನ್ನ ನೋಟ್ಸ್ ಕದ್ದು ಅವನ ಕಾರ್ಡಲ್ಲಿ ಅಚ್ಚು ಹಾಕ್ತಿದ್ದ. ಹೆಸರು ಅವನದು. ಯಾರಿಗೆ ಹೇಳಿದ್ರೂ ನಂಬ್ಲಿಲ್ಲ. ಅವನ ಟ್ಯೂಷನ್ ಮಕ್ಕಳು ಲೈಬ್ರರಿ ಸೆಟ್ ಒಯ್ದು ಅವನಿಗೆ ಕೊಡ್ತಾರೆ ಅಂತ ಗೊತ್ತಿತ್ತು. ಹೋದ ಶನಿವಾರ ಲೈಬ್ರರಿಗೆ ಹೋಗಿ ಈ ಪುಟ ಬದಲಾಯಿಸಿದೆ. ಉಳಿದ ಪುಟಗಳನ್ನ ತಿರುವಿ ನೋಡ್ಲಿಲ್ಲ, ಅವನು ಅದಾಗ್ಲೇ ಕೈಯಾಡಿಸಿದಾನೆ ಅಂತ ನನಗೆ ತಿಳೀಲಿಲ್ಲ. ಅವನು ಈ ತಪ್ಪನ್ನ ಹಾಗೇ ಅಚ್ಚು ಹಾಕ್ತಾನೆ, ಊರಿಗೆಲ್ಲ ಗೊತ್ತಾಗುತ್ತೆ ಅಂದ್ಕೊಂಡೆ."

"ಅದರ ಮಧ್ಯೆ ಒಂದು ಮಗು ಓದಿದ್ರೆ?"

"ಯಾವ ಮಗುವೂ ನಂಬಲ್ಲ ಅಂದ್ಕೊಂಡೆ!" ಅವರ ಧ್ವನಿ ಒಡೆಯಿತು. "ಒಂಬತ್ತನೇ ಕ್ಲಾಸಿನ ಪಾಠ ಅದು. ನೋಡಿದ ತಕ್ಷಣ ನಗ್ತಾರೆ, ಮೇಡಂಗೆ ವಯಸ್ಸಾಯ್ತು ಅಂತಾರೆ ಅಂದ್ಕೊಂಡೆ."

ನೀವು ಬರೆದದ್ದು ಅಂತಲೇ ನಂಬಿದಳು, ತನ್ನ ನೆನಪನ್ನೇ ಸುಳ್ಳು ಅಂದುಕೊಂಡಳು ಎಂದು ಹೇಳಬೇಕೆನಿಸಿತು. ಬೆಳಿಗ್ಗೆಯಿಂದ ಬಿದೇಸಿಯ ಮೇಲೆ ಹೇಸಿಕೊಂಡೇ ನಿಂತಿದ್ದೆ. ಈಗ ಆ ಹೇಸಿಗೆಯನ್ನು ಎಲ್ಲಿಡಬೇಕೋ ತಿಳಿಯದಾಯಿತು.

"ಬೆಳಿಗ್ಗೆ ನನ್ನ ಕೈಲಿ ಏಳೂ ಒಬ್ಬನದೇ ಅಂತ ಬರೆಸಿದ್ರಲ್ಲ ಮೇಡಂ."

"ಬರೆಸಿದೆ. ಅವನ ಪಾಪದ ರಾಶಿಲಿ ಇದೂ ಒಂದು ಹೋಗ್ಲಿ ಅಂತ. ಇಷ್ಟು ಕೆಳಗೆ ಇಳೀತೀನಿ ಅಂತ ನನಗೇ ಗೊತ್ತಿರ್ಲಿಲ್ಲ." ಅವರು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. "ಇನ್ನೂ ಒಂದಿದೆ. ಅದನ್ನ ಹೇಳೋಕೆ ಮೂರು ದಿನದಿಂದ ಒದ್ದಾಡ್ತಿದೀನಿ."

"ಏನು?"

"ಈ ಪುಟ ಒಂದಲ್ಲ. ಎರಡು ಸೆಟ್‌ಗೆ ಸೇರಿಸಿದ್ದೆ."

ನಾನು ಎದ್ದೆ.

"ಮಿಲಿಕಾಗೆ ಹಾಗಾಯ್ತು ಅಂತ ಗೊತ್ತಾದ ಕೂಡ್ಲೆ ಲೈಬ್ರರಿಗೆ ಓಡಿದೆ. ಇನ್ನೊಂದು ಸೆಟ್ ಅಲ್ಲಿರ್ಲಿಲ್ಲ. ರಿಜಿಸ್ಟರ್‌ನಲ್ಲಿ ನೋಡಿದೆ. ನದಿಯಾಚೆ ಸ್ಕೂಲಿಗೆ ಎರವಲು ಹೋಗಿದೆ. ಫೋನ್ ಮಾಡಿದ್ರೆ ಯಾಕೆ ಅಂತ ಕೇಳ್ತಾರೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..."

"ಅಲ್ಲಿ ಲ್ಯಾಬ್ ಯಾವಾಗ?"

"ಗುರುವಾರ," ಅಂದರು. "ಗುರುವಾರ ಮಧ್ಯಾಹ್ನ ಮೂರಕ್ಕೆ ಪ್ರಾಕ್ಟಿಕಲ್ ರಿವಿಷನ್."

ಇವತ್ತೇ ಗುರುವಾರ. ಗಡಿಯಾರ ನೋಡಿದೆ. ಮೂರು ಗಂಟೆ ಹತ್ತು ನಿಮಿಷ.

ಆ ಸ್ಕೂಲಿನ ಆಫೀಸಿಗೆ ಫೋನ್ ಹಚ್ಚಿದೆ. ಬೆರಳು ಒದ್ದೆಯಾಗಿ ಎರಡು ಸಲ ತಪ್ಪು ನಂಬರು ಒತ್ತಿದೆ. ಮೂರನೇ ಸಲ ರಿಂಗಾಯಿತು. ಆರು ರಿಂಗು, ಏಳು ರಿಂಗು. ಮೇಡಂ ಕುರ್ಚಿಯ ಹಿಡಿಯನ್ನು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಆ ಕಡೆ ಯಾರೋ ಎತ್ತಿದರು.

"ಲ್ಯಾಬ್ ನಿಲ್ಸಿ!" ನಾನು ಕಿರುಚಿದೆ. "ಪೊಲೀಸ್ ಮಾತಾಡ್ತಿರೋದು, ಲ್ಯಾಬಲ್ಲಿರೋ ಮಕ್ಕಳನ್ನ ಈಗ್ಲೇ ಹೊರಗೆ ಕಳ್ಸಿ!"

ಫೋನನ್ನು ಎತ್ತಿದವರು ಅದನ್ನು ಮೇಜಿನ ಮೇಲೆ ಬೀಳಿಸಿ ಓಡಿದ ಸದ್ದು ಕೇಳಿಸಿತು. ಅದರ ಹಿಂದೆ, ದೂರದಲ್ಲಿ, ಗಾಜು ಒಡೆದ ಶಬ್ದ.